ಪೊಲೀಸರಿಗೆ ಹೇಳಲಾ, ಬೇಡ್ವಾ? ಪೆರ್ಲದ ಸೋದರಿಗೆ ಓದುಗರ ಸ್ಪಂದನ

ಕಳೆದ ವಾರ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಸೋದರಿಯೊಬ್ಬರು ಬರೆದಿದ್ದರು. ಗಂಡನದು ಪಿಕಪ್ ಬಾಡಿಗೆ. ಸಂಜೆ ಗಡಿಯಾಚೆ ಕರ್ನಾಟಕಕ್ಕೆ ಹೋಗಿ ಕುಡಿದು, ಅದೇ ಗಾಡಿಯಲ್ಲಿ ಸಾರಡ್ಕ ದಾಟಿ ಮನೆಗೆ ಬರುತ್ತಾರೆ. ಒಮ್ಮೊಮ್ಮೆ ಆರು ವರ್ಷದ ಮಗನೂ ಜೊತೆಗಿರುತ್ತಾನೆ. ಪೊಲೀಸರಿಗೆ ಹೇಳಿದರೆ ಲೈಸೆನ್ಸು ಹೋಗಿ ಹೊಟ್ಟೆಪಾಡಿಗೆ ಕಷ್ಟ, ಹೇಳದಿದ್ದರೆ ಯಾವ ರಾತ್ರಿ ಏನಾಗುತ್ತದೋ ಎಂಬ ಭಯ, ಏನು ಮಾಡಲಿ ಎಂದು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ತಂಗೀ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನದೂ ಇದೇ ಕತೆ. ನಾನು ಹೇಳಲಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮವರದು ಜೀಪು. ರಾತ್ರಿ ಒಂಬತ್ತರ ಮೇಲೆ ಬರುತ್ತಿದ್ದರು. ನಾನು ಜಗಲಿಯಲ್ಲಿ ಕೂತು ಗೇರಿನ ಶಬ್ದ ಕೇಳುತ್ತಿದ್ದೆ. ಮನೆಯ ಕೆಳಗಿನ ಏರು ಹತ್ತುವಾಗ ಗೇರು ಸರಿಯಾಗಿ ಬಿದ್ದರೆ ಇವತ್ತು ಕಮ್ಮಿ ಕುಡಿದಿದ್ದಾರೆ, ಕರಕರ ಅಂದರೆ ಜಾಸ್ತಿ, ಹಾಗೆ ಲೆಕ್ಕ ಹಾಕುತ್ತಾ ನಾಲ್ಕು ವರ್ಷ ಕಳೆದೆ. ಕೀ ತೆಗೆದು ಅಕ್ಕಿ ಡಬ್ಬದೊಳಗೆ ಹುಗಿದಿಟ್ಟೆ. ಅವರು ಇನ್ನೊಂದು ಕೀ ಮಾಡಿಸಿಕೊಂಡರು. ಅತ್ತೆಗೆ ಹೇಳಿದರೆ, "ದುಡಿಯುವ ಗಂಡಸು, ಸ್ವಲ್ಪ ಇರ್ತದೆ, ಗಾಡಿ ಬಿಡ್ಲಿಕ್ಕೆ ಅವನಿಗೆ ಯಾರೂ ಕಲಿಸ್ಬೇಕಾಗಿಲ್ಲ" ಅಂದರು. ಒಂದು ಬೆಳಿಗ್ಗೆ ನೋಡುತ್ತೇನೆ, ಜೀಪಿನ ಎಡಗಡೆ ಲೈಟು ಒಡೆದಿದೆ, ತಗಡು ಒಳಗೆ ಹೋಗಿದೆ, ಅದರ ಮೇಲೆಲ್ಲಾ ಮುರಕಲ್ಲಿನ ಕೆಂಪು ಹುಡಿ. ಎಲ್ಲಿಯೋ ಗೋಡೆಗೆ ಉಜ್ಜಿದ್ದರು. ಮಕ್ಕಳು ಏಳುವ ಮೊದಲು ನಾನೇ ಕೊಡಪಾನದಲ್ಲಿ ನೀರು ತಂದು ತೊಳೆದೆ. ಯಾಕೆ ತೊಳೆದೆ ಅಂತ ಈಗಲೂ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ.

ಅದಾಗಿ ಎರಡು ತಿಂಗಳಿಗೆ, ಭಜನೆ ಮುಗಿಸಿ ರಸ್ತೆ ಬದಿಯಲ್ಲಿ ನಡೆದು ಬರುತ್ತಿದ್ದ ನಮ್ಮ ನೆರೆಕರೆಯವರೊಬ್ಬರಿಗೆ ಅದೇ ಜೀಪು ಬಡಿಯಿತು. ಜೀವ ಉಳಿಯಿತು. ಕಾಲಿಗೆ ರಾಡು ಹಾಕಿದ್ದಾರೆ. ಅಡಿಕೆ ಮರ ಹತ್ತಿ ಕೊನೆ ತೆಗೆಯುವ ಕೆಲಸ ಅವರದು, ಇಡೀ ಊರಿಗೆ ಅವರೇ ಬೇಕಿತ್ತು. ಈಗ ಯಾರದೋ ಅಂಗಳದಲ್ಲಿ ಕಾಲು ಚಾಚಿ ಕೂತು ಅಡಿಕೆ ಸುಲಿಯುತ್ತಾರೆ. ನಾನು ದಾರಿಯಲ್ಲಿ ಸಿಕ್ಕಿದರೆ ಈಗಲೂ "ಊಟ ಆಯ್ತಾ ಅಕ್ಕ?" ಅಂತ ಅವರೇ ಮೊದಲು ಕೇಳುತ್ತಾರೆ, ನನಗೆ ಮುಖ ಎತ್ತಲು ಆಗುವುದಿಲ್ಲ. ನಮ್ಮ ಮನೆಯ ಹೊಟ್ಟೆಪಾಡು ಅಂತ ನಾನು ಸುಮ್ಮನಿದ್ದೆ. ಹೋದದ್ದು ಅವರ ಹೊಟ್ಟೆಪಾಡು. ಹೇಳಿ ತಂಗೀ, ಇವತ್ತೇ ಹೇಳಿ.
ಓದುಗಿ, ಮುಳ್ಳೇರಿಯ

ನಾನು ಕಾಸರಗೋಡಿನಲ್ಲಿ ವಕೀಲರ ಆಫೀಸಿನಲ್ಲಿ ಗುಮಾಸ್ತ. ಇಂಥ ಕೇಸು ದಿನಾ ನೋಡುತ್ತೇನೆ, ಆದ್ದರಿಂದ ಕೆಲಸಕ್ಕೆ ಬರುವುದನ್ನು ಮಾತ್ರ ಹೇಳುತ್ತೇನೆ. ತುಂಬಾ ಜನ ತಪ್ಪು ಮಾಡುವುದು ಇಲ್ಲೇ. ರಾತ್ರಿಯೆಲ್ಲ ಅತ್ತು, ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ "ನಿನ್ನೆ ಕುಡಿದು ಗಾಡಿ ಬಿಟ್ಟಿದ್ದಾರೆ" ಅಂತ ದೂರು ಕೊಡುತ್ತಾರೆ. ಅಷ್ಟರಿಂದ ಕುಡಿದು ಓಡಿಸಿದ ಕೇಸು ನಿಲ್ಲುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಊದಿಸಿಯೋ ರಕ್ತ ತೆಗೆದೋ ಪರೀಕ್ಷೆ ಆಗಬೇಕು, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯ ಇದೆ ಅಂತ ಗೊತ್ತಾಗಬೇಕು. ಹಾಗಾಗಿ ಅವರು ರಸ್ತೆಯಲ್ಲಿ ಇರುವಾಗಲೇ 112ಕ್ಕೆ ಫೋನು ಮಾಡಿ. ಗಾಡಿ ನಂಬರು, ಬಣ್ಣ, ಎಲ್ಲಿಂದ ಎಲ್ಲಿಗೆ ಬರುತ್ತಿದೆ, ಇಷ್ಟು ಹೇಳಿ. ಗಡಿಯ ಊರು ನಮ್ಮದು, ಸಾರಡ್ಕದ ಆಚೆಗೆ ಕರ್ನಾಟಕ ಪೊಲೀಸರು, ಈಚೆಗೆ ಕೇರಳದವರು, ಅದರಿಂದ ಜಾಗದ ಹೆಸರು ಸ್ಪಷ್ಟವಾಗಿ ಹೇಳಲೇಬೇಕು. ನನ್ನ ಹೆಸರು ಹೊರಗೆ ಬರುವುದು ಬೇಡ ಅಂತಲೂ ಹೇಳಿ.

ಫೋನು ಮಾಡಲು ಧೈರ್ಯ ಬಾರದಿದ್ದರೆ ಸ್ಟೇಷನ್ನಿನ ಜನಮೈತ್ರಿ ಪೊಲೀಸರಿಗೆ, ಅಂದರೆ ಊರವರ ಜೊತೆ ಸಂಪರ್ಕ ಇಟ್ಟುಕೊಳ್ಳುವ ಪೊಲೀಸರಿಗೆ, ಮೊದಲೇ ವಿಷಯ ತಿಳಿಸಿ. ಇಂಥ ಗಾಡಿ, ಇಂಥ ಹೊತ್ತಿಗೆ, ಇಂಥ ದಾರಿಯಲ್ಲಿ ಬರ್ತದೆ ಅಂದರೆ ಅವರು ಅಲ್ಲಿ ನಿಂತು ಊದಿಸಬಹುದು. ಮಲಯಾಳ ಬರೆಯಲು ಬಾರದು ಅಂತ ಹಿಂಜರಿಯಬೇಡಿ. ಕನ್ನಡದಲ್ಲೇ ಅರ್ಜಿ ಬರೆಯಿರಿ, ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ.

ಸಿಕ್ಕಿಬಿದ್ದರೆ ಏನಾಗುತ್ತದೆ ಅಂತ ನಿಮಗೆ ಭಯ, ಅಲ್ವಾ? 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಜೈಲು, ಇಲ್ಲ ಎರಡೂ. ಎರಡನೇ ಸಲ 15,000 ದಂಡ ಅಥವಾ ಎರಡು ವರ್ಷದ ತನಕ ಜೈಲು, ಇಲ್ಲ ಎರಡೂ. ಲೈಸೆನ್ಸನ್ನು ಕೆಲವು ತಿಂಗಳು ಅಮಾನತು ಮಾಡಬಹುದು. ಆದರೆ ಯಾರಾದರೂ ಸತ್ತರೆ ಲೆಕ್ಕವೇ ಬೇರೆ. ನಿರ್ಲಕ್ಷ್ಯದಿಂದ ಸಾವು ಅಂತ ಆದರೂ ಐದು ವರ್ಷದ ತನಕ ಜೈಲು. ಕುಡಿದದ್ದು ಸಾಬೀತಾದರೆ ಗಾಡಿ ರಿಪೇರಿಗೆ ವಿಮೆ ಸಿಗುವುದಿಲ್ಲ. ಗಾಯಗೊಂಡವರಿಗೆ ಕಂಪನಿ ಕೊಟ್ಟ ಹಣವನ್ನೂ ಮಾಲೀಕರಿಂದ ವಸೂಲು ಮಾಡಿ ಅಂತ ಕೋರ್ಟು ಹೇಳಬಹುದು. ಆರ್‌ಸಿ ಯಾರ ಹೆಸರಲ್ಲಿದೆ ನೋಡಿಕೊಳ್ಳಿ. ನಿಮ್ಮ ಹೆಸರಲ್ಲಿದ್ದರೆ ಆ ಹೊರೆ ನಿಮ್ಮ ತಲೆಗೇ ಬರುತ್ತದೆ.
ಓದುಗ, ಕಾಸರಗೋಡು

ನಾನು ಸ್ವಲ್ಪ ಬೇರೆ ಹೇಳುತ್ತೇನೆ ಮಗಳೇ. ಹಿಂದಿನಿಂದ ಫೋನು ಮಾಡುವ ಮೊದಲು ಒಮ್ಮೆ ಎದುರಿಗೇ ಹೇಳು. ರಾತ್ರಿ ಅಲ್ಲ, ಬೆಳಿಗ್ಗೆ ಚಾ ಕುಡಿಯುವ ಹೊತ್ತಿಗೆ. ಅವನು ಮರ್ಯಾದೆ ಕೊಡುವ ಒಬ್ಬರು ಹಿರಿಯರನ್ನು ಕರೆಸಿಕೋ, ಸೋದರಮಾವನೋ ಭಾವನೋ. "ಇನ್ನೊಮ್ಮೆ ಕುಡಿದು ಸ್ಟೇರಿಂಗ್ ಹಿಡಿದರೆ ನಾನೇ ಪೊಲೀಸರಿಗೆ ಹೇಳ್ತೇನೆ" ಅಂತ ಒಂದೇ ಸಲ ಹೇಳು. ಹೇಳಿದ ಮೇಲೆ ಮಾಡದೆ ಇರಬೇಡ. ಕೈ ಎತ್ತುವ ಮನುಷ್ಯನಾದರೆ ಮಾತ್ರ ನನ್ನ ಈ ಸಲಹೆ ಬಿಟ್ಟುಬಿಡು, ನೇರ ಮಹಿಳಾ ಸಹಾಯವಾಣಿ 181ಕ್ಕೆ ಫೋನು ಮಾಡು.
ನಿವೃತ್ತ ಟೀಚರ್, ಬದಿಯಡ್ಕ

ನಾನು ಆ ಗಂಡನ ಜಾಗದಲ್ಲಿದ್ದವನು. ಲಾರಿ ಡ್ರೈವರ್. ಎರಡು ಪೆಗ್ ಹಾಕಿದರೆ ಕೈ ಇನ್ನೂ ಚೆನ್ನಾಗಿ ನಿಲ್ಲುತ್ತದೆ ಅಂತ ನಿಜವಾಗಿ ನಂಬಿದ್ದೆ. ಏಲಕ್ಕಿ ಜಗಿಯುತ್ತಿದ್ದೆ, ಮಜ್ಜಿಗೆಗೆ ಲಿಂಬೆ ಹಿಂಡಿ ಕುಡಿಯುತ್ತಿದ್ದೆ. ಮಷೀನು ನೋಡುವುದು ಬಾಯಿಯ ವಾಸನೆಯನ್ನಲ್ಲ, ಶ್ವಾಸಕೋಶದಿಂದ ಬರುವ ಗಾಳಿಯನ್ನು. ಒಂದು ರಾತ್ರಿ ತಿರುವಿನಲ್ಲಿ ಜೀಪು ನಿಂತಿತ್ತು, ಊದಿಸಿದರು, ಸಿಕ್ಕಿಬಿದ್ದೆ. ದಂಡ ಕಟ್ಟಿದೆ, ಮೂರು ತಿಂಗಳು ಲೈಸೆನ್ಸು ಹೋಯಿತು. ಯಾರು ಹೇಳಿದ್ದು ಅಂತ ಆಮೇಲೆ ಗೊತ್ತಾಯಿತು, ನನ್ನ ಹೆಂಡತಿಯೇ. ಅವಳ ಕೈಯ ಗಂಜಿ ಬೇಡ ಅಂದೆ. ಇಪ್ಪತ್ತು ದಿನ ಮಾತು ಬಿಟ್ಟೆ. ಅವಳು ಮಾತ್ರ ದಿನಾ ತಟ್ಟೆ ಮುಚ್ಚಿಟ್ಟು ಮಲಗುತ್ತಿದ್ದಳು.

ಆ ಮೂರು ತಿಂಗಳು ಬೇರೆಯವರ ಲಾರಿಗೆ ಕಲ್ಲು ಲೋಡು ಮಾಡಿದೆ. ನಾವು ಉಪವಾಸ ಬೀಳಲಿಲ್ಲ. ಸೋದರೀ, ಬರೀ ದಂಡದಿಂದ ಕುಡಿತ ಬಿಡುವುದಿಲ್ಲ, ಇದನ್ನು ತಿಳಿದುಕೊಳ್ಳಿ. ಬೆಳಿಗ್ಗೆ ಕೈ ನಡುಗುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಹಾಗಾಗಿ ಡಾಕ್ಟರು ಬೇಕೇ ಬೇಕು. ಕುಡಿತ ಬಿಡಿಸಲು ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆ ಇದೆ, 14405ಕ್ಕೆ ಫೋನು ಮಾಡಿದರೆ ದುಡ್ಡಿಲ್ಲ. ನಮ್ಮ ಜಿಲ್ಲೆಯಲ್ಲಿ ನೀಲೇಶ್ವರ ತಾಲೂಕು ಆಸ್ಪತ್ರೆಯಲ್ಲಿ ಅವರ ಕೇಂದ್ರ ಉಂಟು. ಕನ್ನಡದಲ್ಲೇ ಬೇಕಾದರೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳಿವೆ, ಎಂಟು ದಿನದ್ದು, ನಾನು ಕೂತದ್ದು ಅದರಲ್ಲಿ. ಏಳನೇ ದಿನ ಹೆಂಡತಿ ಬಂದಿದ್ದಳು. ಫೋನು ಮಾಡಿದ್ದು ನೀನಾ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರೂ ಒಂದೇ ತಟ್ಟೆಯಲ್ಲಿ ಊಟ ಮಾಡಿದೆವು.
ಓದುಗ, ಉಪ್ಪಳ

ಎಲ್ಲರೂ ಗಂಡ ಹೆಂಡತಿಯ ಮಾತು ಆಡಿದ್ದೀರಿ, ನಾನು ಆ ಹುಡುಗನ ಮಾತು ಹೇಳುತ್ತೇನೆ. ಚಿಕ್ಕವಳಿದ್ದಾಗ ಅಪ್ಪನ ಕಾರಿನಲ್ಲಿ ಹೀಗೇ ಬರುತ್ತಿದ್ದೆ. ಪೇಟೆಯಿಂದ ಮನೆಗೆ ಹದಿನೇಳು ತಿರುವು. ಕಣ್ಣು ಮುಚ್ಚಿ, ಸೀಟು ಹಿಡಿದುಕೊಂಡು ಒಂದೊಂದೇ ಎಣಿಸುತ್ತಿದ್ದೆ. ಹದಿನೇಳು ಆದ ಮೇಲೆ ಕಣ್ಣು ಬಿಡುತ್ತಿದ್ದೆ. ಅಮ್ಮನಿಗೆ ಹೇಳಿರಲಿಲ್ಲ, ಹೇಳಿದರೆ ಜಗಳ ಆಗುತ್ತದೆ ಅಂತ. ನಿಮ್ಮ ಮಗನೂ ಏನೋ ಒಂದನ್ನು ಎಣಿಸುತ್ತಿರಬಹುದು ಅಕ್ಕ. ಪೊಲೀಸರಿಗೆ ಹೇಳುವುದು ನಾಳೆಯೋ ನಾಡಿದ್ದೋ, ನೀವು ಯೋಚನೆ ಮಾಡಿ. ಅವನನ್ನು ಮಾತ್ರ ಇವತ್ತು ಸಂಜೆ ಆ ಗಾಡಿಗೆ ಹತ್ತಿಸಬೇಡಿ.
ಓದುಗಿ, ನೀರ್ಚಾಲು