'ದಾವಣಗೆರೆ' ಓದುತ್ತಾನೆ, 'ಚಿತ್ರದುರ್ಗ' ಬರಲ್ಲ: ಓದು ಕಲಿಸೋರನ್ನು ಹೇಗೆ ಗುರುತಿಸೋದು?

ಪ್ರಶ್ನೆ (ತಾಯಿ, ದಾವಣಗೆರೆ):
ನಮಸ್ಕಾರ ಟೀಚರ್. ಮಗ ಮೂರನೇ ಕ್ಲಾಸು. ಕ ಕಾ ಕಿ ಕೀ ಅಂತ ಶುರು ಮಾಡಿದರೆ ಳಃ ಬರೋವರೆಗೂ ನಿಲ್ಲಿಸಲ್ಲ. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದೇ ಅಕ್ಷರ ಆರಿಸ್ತಾನೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ 'ದಾವಣಗೆರೆ' ಬೋರ್ಡು ಸರಿಯಾಗಿ ಓದಿದ. ಪಕ್ಕದ ಬಸ್ಸಿನ 'ಚಿತ್ರದುರ್ಗ' ನೋಡಿ 'ಚಿತದುಗ' ಅಂದ. ಅವರಪ್ಪ ಅಲ್ಲೇ ರೇಗಿದರು. ಟ್ಯೂಷನ್ ಬದಲಿಸೋಣ ಅಂತಿದ್ದೇವೆ. ನಮ್ಮ ಬೀದಿಯಲ್ಲೇ ಇಬ್ಬರು ಹೇಳಿಕೊಡ್ತಾರೆ. ಯಾರು ಚೆನ್ನಾಗಿ ಓದು ಕಲಿಸ್ತಾರೆ ಅಂತ ಹೇಗೆ ತಿಳಿಯೋದು?

ಉತ್ತರ (ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ):
ಮೊದಲು ಅವರಪ್ಪನಿಗೆ ಹೇಳಮ್ಮ, ಹುಡುಗ ದಡ್ಡ ಅಲ್ಲ ಅಂತ. 'ದಾವಣಗೆರೆ'ಯಲ್ಲಿ ಒಂದೂ ಒತ್ತಕ್ಷರ ಇಲ್ಲ. ಎಡದಿಂದ ಬಲಕ್ಕೆ ಹೋದರೆ ಮುಗಿಯಿತು. 'ಚಿತ್ರದುರ್ಗ'ದಲ್ಲಿ ಎರಡು ರ ಇವೆ, ಒಂದೂ ರ ತರ ಕಾಣಲ್ಲ! 'ತ್ರ'ದಲ್ಲಿ ರ ಕೆಳಗೆ ಸೇರಿಕೊಂಡಿದೆ, ತ ಆದ ಮೇಲೆ ಓದಬೇಕು. 'ರ್ಗ'ದಲ್ಲಿ ಅರ್ಕಾವತ್ತು, ಅಂದರೆ ರ್ ಸದ್ದಿನ ಗುರುತು, ಗ ಆದ ಮೇಲೆ ಬರೆದಿರುತ್ತೆ, ಆದರೆ ಗ ಗಿಂತ ಮೊದಲೇ ಓದಬೇಕು. ಕಣ್ಣು ಮುಂದೆ ಹೋಗಿ ಮತ್ತೆ ಹಿಂದೆ ಬರಬೇಕು. ನಿಮ್ಮ ಮಗ ಬಿಟ್ಟದ್ದು ಆ ಎರಡು ರ ಮಾತ್ರ. ಉಳಿದದ್ದೆಲ್ಲ ಸರಿಯಾಗೇ ಓದಿದ್ದಾನೆ ಅಲ್ವಾ?

ನನ್ನ ಪ್ರಕಾರ ಓದು ಕಲಿಸೋರಿಗೆ ಬೇಕಾದದ್ದು ಕಿವಿ. 'ಚಿತದುಗ' ಅಂದಾಗ 'ತಪ್ಪು, ಚಿತ್ರದುರ್ಗ ಅನ್ನು' ಅಂತ ಯಾರು ಬೇಕಾದರೂ ಹೇಳ್ತಾರೆ. ಹುಡುಗ ಅದನ್ನೇ ತಿರುಗಿ ಹೇಳ್ತಾನೆ, ಕಲಿತದ್ದು ಏನೂ ಇಲ್ಲ. ಕಲಿಸೋಕೆ ಬರೋರು 'ಓ, ಇವನಿಗೆ ರ ಒತ್ತು ಸಿಗ್ತಿಲ್ಲ' ಅಂತ ಅಲ್ಲೇ ಹಿಡೀತಾರೆ. ಆಮೇಲೆ ಅವನಿಗೆ ಈಗಾಗಲೇ ಗೊತ್ತಿರೋ ಪದ ಹುಡುಕ್ತಾರೆ. ದಾವಣಗೆರೆ ಹುಡುಗ, ಮಂಡಕ್ಕಿ ಗಾಡಿ ಮೇಲಿನ 'ಮಿರ್ಚಿ' ಗೊತ್ತಿರಲೇಬೇಕು. ಅಕ್ಷರ ಬಿಡಿಸಿ ಓದೋದೇನೂ ಇಲ್ಲ, ನೋಡಿ ನೋಡಿ ರೂಢಿ. ಆ 'ಮಿರ್ಚಿ'ಯನ್ನು ಸ್ಲೇಟಿನ ಮೇಲೆ ಬರೆದು, ನಿಧಾನವಾಗಿ ಹೇಳಿಸಿ, 'ರ್ ಸದ್ದು ಮೊದಲು ಬಂತೋ, ಚಿ ಮೊದಲು ಬಂತೋ?' ಅಂತ ಕೇಳಬೇಕು. ಅವನೇ ಹೇಳ್ತಾನೆ. ಕೆಳಗೆ 'ಪರ್ಸು', 'ಸೂರ್ಯ', ಕೊನೆಗೆ 'ದುರ್ಗ'. 'ತ್ರ' ಅವತ್ತು ಬೇಡ, ನಾಳೆಗೆ ಇರಲಿ. ಎರಡೂ ಒಟ್ಟಿಗೆ ತಲೆಗೆ ತುಂಬಿದರೆ ಮತ್ತೆ ಕಲಸುಮೇಲೋಗರ.

ಆ ಇಬ್ಬರ ಹತ್ತಿರವೂ ಹೋಗಿ ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಒಂದು ಮಗು ಒಂಟಿಯಾಗಿ ಓದೋದನ್ನು ಅವರು ಎಷ್ಟು ಹೊತ್ತು ಕೇಳ್ತಾರೆ? ಮಗು ತಡವರಿಸಿದ ತಕ್ಷಣ ಬಾಯಿ ಹಾಕ್ತಾರೋ, ಒಂದೆರಡು ಉಸಿರು ಕಾಯ್ತಾರೋ? ಓದಿ ಮುಗಿದ ಮೇಲೆ 'ಏನಾಯ್ತು ಕತೆಯಲ್ಲಿ?' ಅಂತ ಕೇಳ್ತಾರೋ? ಮೂರು ಕೂಡ ಇಲ್ಲದಿದ್ದರೆ ಫೀಸು ಕಮ್ಮಿ ಇದ್ದರೂ ಬೇಡ. ಹಾಗೇ ಕಣ್ಣು, ಕಿವಿ ಒಮ್ಮೆ ಡಾಕ್ಟರ ಹತ್ತಿರ ತೋರಿಸಿಬಿಡಿ.

ಪ್ರತಿಕ್ರಿಯೆ (ತಾತ, ಹರಿಹರ):
ಟೀಚರಮ್ಮ, ನಮ್ಮ ಕಾಲದಲ್ಲಿ ಎಲ್ಲರೂ ಒಟ್ಟಿಗೆ ಕೂಗಿಯೇ ಕಲಿತದ್ದು. ಈಗ ಸರ್ಕಾರಿ ಶಾಲೆಯಲ್ಲಿ ಚಟುವಟಿಕೆ ಮಾಡಿಸಿ ಕಲಿಸೋ ನಲಿಕಲಿ ಪದ್ಧತಿ ಅಂತ ಬಂದು ಅ ಆ ಇ ಈ ಬಿಟ್ಟು ರ ಗ ಸ ದ ಅ ಅಂತ ತಲೆಕೆಳಗಾಗಿ ಹೇಳಿಕೊಡ್ತಾರೆ. ಇದು ಸರಿಯಾ?

ಉತ್ತರ:
ಯಜಮಾನರೇ, ಆ ಐದೇ ಅಕ್ಷರ ಇಟ್ಟುಕೊಂಡು ನೋಡಿ: ಅರಸ, ಅಗಸ, ಸರ, ದರ, ರಸ. ಮೊದಲ ಐದು ಅಕ್ಷರದಲ್ಲೇ ಮಗು ಪದ ಓದುತ್ತೆ. ಅ ಆ ಇ ಈ ಉ ಇಂದ ಎಷ್ಟು ಪದ ಆಗುತ್ತೆ ನೀವೇ ಹೇಳಿ. ನಲಿಕಲಿ ನಿನ್ನೆ ಮೊನ್ನೆಯದೂ ಅಲ್ಲ, 1995ರಲ್ಲೇ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ವರ್ಣಮಾಲೆಯ ಸಾಲು ಆಮೇಲೆ ಕಲಿತರೂ ಆಗುತ್ತೆ, ನಿಘಂಟು ನೋಡೋಕೆ ಬೇಕೇ ಬೇಕು.

ಕೂಗಿ ಓದೋದರ ಬಗ್ಗೆ ನಾನೇ ಮೋಸ ಹೋಗಿದ್ದೇನೆ. ನನ್ನ ಕ್ಲಾಸಿನ ಒಬ್ಬ ಹುಡುಗ ಪಾಠ ಪೂರ್ತಿ ಗಡಗಡ ಓದುತ್ತಿದ್ದ. ಒಂದು ಸಲ ಹಾಳೆ ಮಗುಚುವಾಗ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡವು. ಅವನು ಮಧ್ಯದ ಪುಟವನ್ನೂ ತಡೆಯಿಲ್ಲದೆ 'ಓದಿದ'! ಬೆರಳು ಮಾತ್ರ ಬೇರೆ ಪುಟದ ಸಾಲಿನ ಮೇಲೆ ಹೋಗ್ತಾ ಇತ್ತು. ವರ್ಷದ ಅರ್ಧ ಕಳೆದಿತ್ತು. ಅಲ್ಲಿವರೆಗೆ ಅವನಿಗೆ ಓದೋಕೆ ಬರುತ್ತೆ ಅಂತಲೇ ನಾನು ತಿಳಿದಿದ್ದೆ. ಅವತ್ತು ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ.

ಪ್ರಶ್ನೆ (ಅತಿಥಿ ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು):
ಮೇಡಂ, ಒಂದರಿಂದ ಮೂರರವರೆಗೆ ಒಂದೇ ಕೋಣೆ, 27 ಮಕ್ಕಳು. ಒಬ್ಬೊಬ್ಬರದ್ದೇ ಕೇಳ್ತಾ ಕೂತರೆ ಉಳಿದವರು ಗೋಡೆ ಹತ್ತುತ್ತಾರೆ. ಜೊತೆಗೆ ಅರ್ಧ ಮಕ್ಕಳ ಮನೆಮಾತು ತೆಲುಗು.

ಉತ್ತರ:
ಎಲ್ಲರನ್ನೂ ದಿನಾ ಕೇಳೋಕೆ ಆಗಲ್ಲಮ್ಮ, ಆ ಆಸೆ ಬಿಟ್ಟುಬಿಡು. ದಿನಕ್ಕೆ ನಾಲ್ಕೇ ಮಕ್ಕಳು, ತಲಾ ಎರಡು ನಿಮಿಷ. ಏಳು ದಿನದಲ್ಲಿ ಒಂದು ಸುತ್ತು ಆಗುತ್ತೆ. ಒಂದು ನೂರು ಪುಟದ ನೋಟ್‌ಬುಕ್ಕಲ್ಲಿ ಪ್ರತಿ ಮಗುವಿಗೆ ಒಂದು ಪುಟ ಇಡು. 'ದೀರ್ಘ ಬಿಡ್ತಾಳೆ', 'ಮೊದಲ ಅಕ್ಷರ ನೋಡಿ ಊಹೆ ಮಾಡ್ತಾನೆ', ಅಷ್ಟು ಬರೆದರೆ ಸಾಕು. ಆ ಹೊತ್ತಿನಲ್ಲಿ ಮೂರನೇ ಕ್ಲಾಸಿನವರು ಒಂದನೆಯವರಿಗೆ ಕತೆ ಓದಿ ಹೇಳಲಿ. ಪಂಚಾಯಿತಿ ಲೈಬ್ರರಿಯಲ್ಲಿ ಮಕ್ಕಳ ಪುಸ್ತಕ ಇದ್ದರೆ ಕೇಳಿ ತಾ.

ತೆಲುಗಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. 'ಶೇಂಗಾ' ಅಂತ ಓದಿ, ಅದು ಏನು ಅಂತ ತೆಲುಗಲ್ಲಿ ಹೇಳಿದರೆ ಆ ಮಗುವಿಗೆ ಓದೋಕೆ ಬರುತ್ತೆ ಅಂತಲೇ ಅರ್ಥ. ಚಿತ್ರ ನೋಡಿ ತೆಲುಗು ಹೆಸರು ಹೇಳಿದರೆ ಮಾತ್ರ ಅಕ್ಷರದ ಮೇಲೆ ಬೆರಳು ಇಡಿಸು. ಕತೆಗೆ ಮುಂಚೆ ಹೊಸ ಕನ್ನಡ ಪದ ನಾಲ್ಕೈದು ಬಾಯಲ್ಲಿ ಆಡಿಸಿಬಿಡು. ಕಿವಿಗೆ ಬೀಳದ ಪದವನ್ನು ಮಗು ಓದಿದರೂ, ಸರಿ ಓದಿದೆನಾ ಅಂತ ಅದಕ್ಕೇ ಗೊತ್ತಾಗಲ್ಲ.

ಮತ್ತೆ ಮೊದಲ ತಾಯಿ:
ಟೀಚರ್, ಹೋಗಿ ಬಂದೆ. ಒಬ್ಬರ ಮನೆಯಲ್ಲಿ ಹದಿನೈದು ಮಕ್ಕಳು ಒಟ್ಟಿಗೆ ಕೂಗ್ತಾ ಇದ್ದರು. ಇನ್ನೊಬ್ಬರು ಪಿಯುಸಿ ಮುಗಿಸಿದ ಹುಡುಗಿ, ಆರೇ ಮಕ್ಕಳು. ನನ್ನ ಮಗ ತಡವರಿಸಿದಾಗ ಸುಮ್ನೆ ಕಾಯ್ತಾ ಕೂತಳು. ನನಗೇ ತಡೆಯೋಕೆ ಆಗದೆ ನಾನು ಹೇಳಿಕೊಟ್ಟುಬಿಟ್ಟೆ.

ಉತ್ತರ:
ಆ ಹುಡುಗಿ ಹತ್ತಿರ ಕಳಿಸಿ. ನೀವು ಮಾತ್ರ ಹೊರಗೆ ಕೂತ್ಕೊಳ್ಳಿ.