50 ಡಾಲರ್ ನೋಟಿನ ಮೇಲಿರುವ ಎಡಿತ್ ಕೋವನ್ ಬಗ್ಗೆ ಗೊತ್ತಿದ್ದವರು ಹೇಳ್ತೀರಾ?

ತಿಲಕವಾಡಿ ಟೀಚರ್:
ಎಲ್ಲರಿಗೂ ನಮಸ್ಕಾರ. ನನ್ನ ಮಗ ಪರ್ತ್‌ನಲ್ಲಿದ್ದಾನೆ. ದೀಪಾವಳಿಗೆ ಬಂದಾಗ ಆಸ್ಟ್ರೇಲಿಯಾದ 50 ಡಾಲರ್ ನೋಟೊಂದನ್ನು ನೆನಪಿಗೆ ಅಂತ ಕೊಟ್ಟು ಹೋದ. ಹಳದಿ ಬಣ್ಣದ ಪ್ಲಾಸ್ಟಿಕ್ ನೋಟು. ಒಂದು ಬದಿಗೆ ವಯಸ್ಸಾದ ಹೆಣ್ಣುಮಗಳ ಚಿತ್ರ. "ಎಡಿತ್ ಕೋವನ್ ಅಂತ, ಅಲ್ಲಿನ ಮೊದಲ ಮಹಿಳಾ ಎಂ.ಎಲ್.ಎ." ಅಂದ. ಅದಕ್ಕಿಂತ ಜಾಸ್ತಿ ಅವನಿಗೂ ಗೊತ್ತಿಲ್ಲ.

ಕೇಳೋಕೆ ಒಂದು ಕಾರಣ ಇದೆ. ಅಧಿವೇಶನ ನಡೆದಾಗ ನಮ್ಮ ಎಂಟನೇ ತರಗತಿ ಮಕ್ಕಳನ್ನು ಸುವರ್ಣ ವಿಧಾನಸೌಧಕ್ಕೆ ಕರ್ಕೊಂಡು ಹೋಗಿದ್ದೆವು. ಗ್ಯಾಲರಿಯಲ್ಲಿ ಕೂತ ಒಬ್ಬ ಹುಡುಗಿ ಬೆರಳು ಮಡಚಿ ಏನೋ ಎಣಿಸುತ್ತಿದ್ದಳು. ಏನೇ ಅದು ಅಂದೆ. "ಸೀರೆ ಉಟ್ಟವರು ಎಷ್ಟು ಮಂದಿ ಇದ್ದಾರೆ ನೋಡ್ತಿದ್ದೆ ಟೀಚರ್" ಅಂದಳು. ಎರಡೂ ಕೈ ಬೆರಳು ಮುಗಿಯುವ ಮೊದಲೇ ಅವಳ ಲೆಕ್ಕ ಮುಗಿದಿತ್ತು. ಅವಳಿಗೆ ಈ ಅಜ್ಜಿಯ ಕಥೆ ಹೇಳಬೇಕು ಅಂತ ಆಸೆ. ಆದರೆ ಈಕೆ ಶಾಸಕಿಯಾಗಿದ್ದು ಬರೀ ಮೂರು ವರ್ಷ ಅಂತ ಓದಿದೆ. ಅಷ್ಟರಲ್ಲಿ ಏನು ಮಾಡಿದರು?

ಸವದತ್ತಿ ಸಿಸ್ಟರ್:
ಟೀಚರ್, ನಾನು ಪರ್ತ್‌ನಲ್ಲಿ ಆರು ವರ್ಷ ನರ್ಸ್ ಆಗಿದ್ದೆ. ಅಲ್ಲಿನ ಕಿಂಗ್ಸ್ ಪಾರ್ಕ್ ಬಾಗಿಲಲ್ಲಿ ಕಲ್ಲಿನ ಗಡಿಯಾರ ಗೋಪುರ ಇದೆ. 1934ರಲ್ಲಿ ಇವರ ನೆನಪಿಗೆ ಕಟ್ಟಿದ್ದು. ರಜೆ ದಿನ ಅದರ ಬುಡದಲ್ಲಿ ಕೂತು ಊರಿಗೆ ಫೋನ್ ಮಾಡುತ್ತಿದ್ದೆ. ಯಾರ ಗೋಪುರ ಅಂತ ತಿಳಿದ ಮೇಲೆ ಇವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಮೂರು ವರ್ಷದ ಕಥೆಗಿಂತ ಮೊದಲು ಆ ಹುಡುಗಿಗೆ ಇವರ ಬಾಲ್ಯ ಹೇಳಿ. ಹುಟ್ಟಿದ್ದು 1861ರಲ್ಲಿ, ಜೆರಾಲ್ಡ್‌ಟನ್ ಹತ್ತಿರದ ಕುರಿ ಫಾರ್ಮಿನಲ್ಲಿ. ಏಳು ವರ್ಷಕ್ಕೇ ತಾಯಿ ಹೆರಿಗೆಯಲ್ಲಿ ತೀರಿಕೊಂಡರು. ತಂದೆ ಇನ್ನೊಂದು ಮದುವೆ ಆದ. ಆ ಎರಡನೇ ಹೆಂಡತಿಯನ್ನು ಗುಂಡಿಟ್ಟು ಕೊಂದ. 1876ರಲ್ಲಿ ಅವನಿಗೆ ಗಲ್ಲು ಆಯ್ತು. ಆಗ ಎಡಿತ್‌ಗೆ 14 ವರ್ಷ. ನಿಮ್ಮ ಎಂಟನೇ ತರಗತಿಯ ವಯಸ್ಸೇ ಅಲ್ವಾ? ನಾನು ಇದನ್ನು ಓದಿದ ರಾತ್ರಿ ನಿದ್ದೆ ಮಾಡಲಿಲ್ಲ.

18ಕ್ಕೆ ಮದುವೆ, ಐದು ಮಕ್ಕಳು. ಗಂಡ ಆಮೇಲೆ ಮ್ಯಾಜಿಸ್ಟ್ರೇಟ್ ಆದರು. ಕೋರ್ಟಿಗೆ ಬರುವವರ ಸಂಕಟ ಮನೆವರೆಗೂ ಬರುತ್ತಿತ್ತು. ಇವರು ಅನಾಥ ಮಕ್ಕಳಿಗಾಗಿ ಓಡಾಡಿದರು, ಮಕ್ಕಳಿಗೇ ಬೇರೆ ಕೋರ್ಟ್ ಬೇಕು ಅಂತ ಹಟ ಹಿಡಿದರು, 1915ರಲ್ಲಿ ಅದೇ ಕೋರ್ಟಿನ ಪೀಠದಲ್ಲಿ ಕೂತರು. 1916ರಲ್ಲಿ ಶುರುವಾದ ಕಿಂಗ್ ಎಡ್ವರ್ಡ್ ಹೆರಿಗೆ ಆಸ್ಪತ್ರೆಗೂ ವರ್ಷಗಟ್ಟಲೆ ದುಡಿದಿದ್ದರು. ತಾಯಿಯನ್ನು ಹೆರಿಗೆಯಲ್ಲಿ ಕಳೆದುಕೊಂಡ ಮಗಳು ಹೆರಿಗೆ ಆಸ್ಪತ್ರೆ ಕಟ್ಟಿಸಿದಳು ಅಂದರೆ, ನಮ್ಮಂಥ ನರ್ಸ್‌ಗಳಿಗೆ ಬೇರೆ ವಿವರಣೆ ಬೇಕಾಗಿಲ್ಲ.

ಈಗ ಚುನಾವಣೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಹೆಣ್ಣುಮಕ್ಕಳಿಗೆ ಮತ ಹಾಕೋ ಹಕ್ಕು 1899ರಲ್ಲೇ ಬಂದಿತ್ತು. ನಿಲ್ಲೋ ಹಕ್ಕು ಬಂದದ್ದು 1920ರಲ್ಲಿ. ಆ ಮಸೂದೆ ತಂದವರು ಅಟಾರ್ನಿ ಜನರಲ್ ಡ್ರೇಪರ್. ಮರುವರ್ಷ, 1921ರ ಮಾರ್ಚ್ 12ಕ್ಕೆ, ವೆಸ್ಟ್ ಪರ್ತ್ ಕ್ಷೇತ್ರದಲ್ಲಿ ಎಡಿತ್ ಅದೇ ಡ್ರೇಪರ್ ಅವರನ್ನು ಸೋಲಿಸಿದರು. ಅಂತರ 46 ಮತ. ಅವರಿಗೆ ಆಗ 59 ವರ್ಷ! ಇಡೀ ಆಸ್ಟ್ರೇಲಿಯಾದ ಯಾವ ಪಾರ್ಲಿಮೆಂಟಿಗೂ ಅದಕ್ಕೆ ಮೊದಲು ಹೆಣ್ಣುಮಗಳು ಆರಿಸಿ ಬಂದಿರಲಿಲ್ಲ. ಪಕ್ಕದ ದಕ್ಷಿಣ ಆಸ್ಟ್ರೇಲಿಯಾ ನಿಲ್ಲೋ ಹಕ್ಕನ್ನು 1894ರಲ್ಲೇ ಕೊಟ್ಟಿತ್ತು, ಆದರೆ ಅಲ್ಲಿ ಮಹಿಳೆ ಗೆದ್ದದ್ದು 1959ರಲ್ಲಿ. ಕಾನೂನು ಬಂದರೆ ಕುರ್ಚಿ ತಾನಾಗೇ ಬರೋದಿಲ್ಲ.

ಒಳಗೆ ಹೋಗಿ ಮಾತಾಡಿದ ವಿಷಯಗಳಲ್ಲಿ ಒಂದು, ಕೂಸಿನ ತಳ್ಳುಗಾಡಿಯನ್ನು ರೈಲಿನಲ್ಲಿ ಒಯ್ಯಲು ತಾಯಂದಿರಿಂದ ದುಡ್ಡು ತಗೋಬಾರದು ಅಂತ. ಶಾಸನಸಭೆಯಲ್ಲಿ ತಳ್ಳುಗಾಡಿ! ನನಗೆ ಇವರು ಪ್ರೀತಿಯಾಗಿದ್ದು ಅಲ್ಲೇ. ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ ಹಿಡ್ಕೊಂಡು ಸವದತ್ತಿಯಿಂದ ಬೆಳಗಾವಿಗೆ ಬಸ್ ಹತ್ತಿದವಳು ನಾನು. ಇದು ಸಣ್ಣ ಮಾತಲ್ಲ ಅಂತ ನನಗೆ ಗೊತ್ತು.

ಬೈಲಹೊಂಗಲ ವಕೀಲ:
ಸಿಸ್ಟರ್ ಚೆನ್ನಾಗಿ ಹೇಳಿದ್ದಾರೆ. ಕಾನೂನಿನ ಎರಡು ಮಾತು ನಾನು ಸೇರಿಸುತ್ತೇನೆ. ಮಕ್ಕಳು ವಿಲ್ ಬರೆಯದೆ ತೀರಿಕೊಂಡರೆ ಆಸ್ತಿ ತಂದೆಗೆ ಹೋಗುತ್ತಿತ್ತು. ತಾಯಿಗೂ ಸಮಪಾಲು ಬರುವ ಹಾಗೆ 1922ರಲ್ಲಿ ತಿದ್ದುಪಡಿ ಮಾಡಿಸಿದವರು ಇವರು. 1923ರಲ್ಲಿ ಇವರೇ ಮಂಡಿಸಿದ ಖಾಸಗಿ ಮಸೂದೆ ಪಾಸಾಗಿ, ಹೆಣ್ಣುಮಕ್ಕಳಿಗೆ ವಕೀಲಿಕೆಯ ಬಾಗಿಲು ತೆರೆಯಿತು. ಸರ್ಕಾರದ ಬೆನ್ನಿಲ್ಲದ ಮಸೂದೆ ಪಾಸಾಗೋದು ಎಷ್ಟು ಕಷ್ಟ ಅಂತ ಅಧಿವೇಶನ ನೋಡಿದವರಿಗೆ ಗೊತ್ತು.

ನಮ್ಮ ಕಡೆಯೂ ಅದೇ ಕಾಲದ ಮಾತು ಕೇಳಿ. ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಅಲ್ಲಿ ಹೆಣ್ಣುಮಕ್ಕಳಿಗೆ ಮತದ ಹಕ್ಕು ಸಿಕ್ಕಿದ್ದೂ 1921ರಲ್ಲೇ. ಆಸ್ತಿ ಇದ್ದವರಿಗೆ ಮಾತ್ರ ಅನ್ನಿ. ಮಕ್ಕಳಿಗೆ ಇದನ್ನೂ ಹೇಳಿ ಟೀಚರ್.

ಗೋಕಾಕ ಓದುಗ:
ಒಂದು ಮಾತು ಬಿಟ್ಟುಹೋಗಬಾರದು. 1924ರಲ್ಲಿ ಇವರು ಸೋತರು, 1927ರಲ್ಲೂ ಸೋತರು. ನ್ಯಾಷನಲಿಸ್ಟ್ ಪಕ್ಷದವರಾದರೂ ಪಕ್ಷ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಪೈಕಿ ಅಲ್ಲ. ನೋಟಿನ ಇನ್ನೊಂದು ಬದಿಗೆ ಇರುವವರು ಡೇವಿಡ್ ಯುನೈಪನ್, ಅಲ್ಲಿನ ಮೂಲನಿವಾಸಿ ಲೇಖಕರು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳೆಲ್ಲರಿಗೂ ಮತದ ಹಕ್ಕು ಬಂದದ್ದು 1962ರಲ್ಲಿ. ಎಡಿತ್ ಗೆದ್ದ ಚುನಾವಣೆಯಲ್ಲಿ ಆ ಹೆಣ್ಣುಮಕ್ಕಳು ಇರಲಿಲ್ಲ. ಕಥೆ ಹೇಳುವಾಗ ನೋಟನ್ನು ತಿರುಗಿಸಿಯೂ ತೋರಿಸಿ.

ಸವದತ್ತಿ ಸಿಸ್ಟರ್:
ಓದುಗರು ಹೇಳಿದ್ದು ನಿಜ, ಅದನ್ನು ಹೇಳಲೇಬೇಕು. ಟೀಚರ್, ಇನ್ನೊಂದು. ನಿಮ್ಮ ನೋಟು 2018ರಲ್ಲಿ ಬಂದ ಹೊಸ ಮಾದರಿಯದಾ? ಹಾಗಿದ್ದರೆ ಚಿತ್ರದ ಭುಜದ ಹತ್ತಿರ ಹುಲ್ಲಿನ ಹಾಸಿನಂಥ ಜಾಗ ಇರುತ್ತದೆ. ಅದು ಹುಲ್ಲಲ್ಲ. ಅವರ ಮೊದಲ ಭಾಷಣದ ಸಾಲುಗಳನ್ನು ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಬರಿಗಣ್ಣಿಗೆ ಕಾಣಲ್ಲ.

ತಿಲಕವಾಡಿ ಟೀಚರ್:
ಎಲ್ಲರಿಗೂ ಶರಣು. ಇವತ್ತು ಖಡೇಬಜಾರಿನಲ್ಲಿ ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಹೋಗಿ, ಹರಳು ನೋಡೋ ಮಸೂರದಲ್ಲಿ ನೋಟು ನೋಡಿದೆ. ಸಿಸ್ಟರ್ ಹೇಳಿದ ಹಾಗೆಯೇ ಇದೆ. ಸಭೆಯಲ್ಲಿ ನಾನೊಬ್ಬಳೇ ಹೆಂಗಸು, ಇದು ದೊಡ್ಡ ಹೊಣೆ, ಇನ್ನೂ ಹೆಂಗಸರು ಇಲ್ಲಿಗೆ ಬರಬೇಕು ಅನ್ನೋ ಅರ್ಥದ ಮಾತು. ಮತ್ತೆ ಮತ್ತೆ ಅದೇ ಸಾಲು. 'ರೆಸ್ಪಾನ್ಸಿಬಿಲಿಟಿ' ಅನ್ನುವ ಪದದಲ್ಲಿ ಒಂದು 'ಐ' ಬಿಟ್ಟುಹೋಗಿದೆ! ಅಕ್ಕಸಾಲಿಗರೂ ನೋಡಿ ಹೌದು ಅಂದರು. ಮಗನಿಗೆ ಫೋನ್ ಮಾಡಿ ಹೇಳಿದೆ. ಮೊದಲ ಸಲ ಅಚ್ಚಾದ ನೋಟುಗಳಲ್ಲಿ ಆ ತಪ್ಪು ಉಳಿದುಬಿಟ್ಟಿದೆಯಂತೆ.

ಮಸೂರವನ್ನು ಎರಡು ದಿನಕ್ಕೆ ಕೇಳಿಕೊಂಡು ಬಂದಿದ್ದೇನೆ. ಸೋಮವಾರ ಶಾಲೆಗೆ ಒಯ್ಯುತ್ತೇನೆ. ಮೊದಲು ನೋಡೋದು ಆ ಹುಡುಗಿಯೇ.