ಲಂಟಾನ ಕಿತ್ತ ಮೇಲೆ ಕ್ಯಾಂಪಸ್ಸಿನ ತೊರೆಯ ದಡವೇ ಕುಸಿಯಿತು: ಎಲ್ಲಿ ತಪ್ಪಿದೆವು?

ತೊರೆಯಂಚು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಸಿಡ್ನಿಯ ವಿಶ್ವವಿದ್ಯಾಲಯವೊಂದರಲ್ಲಿ ಓದುತ್ತಿದ್ದೇನೆ. ನಮ್ಮ ಕ್ಯಾಂಪಸ್ಸಿನ ಹಿಂಭಾಗದಲ್ಲಿ ಹರಿಯುವ ಸಣ್ಣ ತೊರೆಯ ಒಂದು ದಡದಲ್ಲಿ ಹಳೆಯ ನೀಲಗಿರಿ ಮತ್ತು ಬ್ಯಾಂಕ್ಸಿಯ ಮರಗಳಿರುವ ಮೂಲ ಪೊದೆಕಾಡಿನ ತುಣುಕೊಂದು ಉಳಿದುಕೊಂಡಿದೆ. ಎದುರು ದಡವನ್ನು ಲಂಟಾನ ಮತ್ತು ಪ್ರಿವೆಟ್ ಎಂಬ ಕಳೆಪೊದೆಗಳು ಪೂರ್ತಿಯಾಗಿ ಮುಚ್ಚಿದ್ದವು. ಕಳೆದ ಆಗಸ್ಟ್‌ನಲ್ಲಿ ನಾವು ಹನ್ನೆರಡು ಮಂದಿ ಸ್ವಯಂಸೇವಕರು ಎರಡು ಶನಿವಾರ ದುಡಿದು, ಎದುರು ದಡದ ಮೂವತ್ತು ಮೀಟರ್ ಉದ್ದಕ್ಕೂ ಎಲ್ಲವನ್ನೂ ಬೇರುಸಹಿತ ಕಿತ್ತು ಲೊಮಾಂಡ್ರ ಎಂಬ ಹುಲ್ಲಿನಂಥ ಸ್ಥಳೀಯ ಗಿಡದ ಸಸಿಗಳನ್ನು ನೆಟ್ಟೆವು. ಬೇಸಿಗೆಯ ಮೊದಲ ದೊಡ್ಡ ಮಳೆಗೆ ಮುಕ್ಕಾಲು ಪಾಲು ಸಸಿಗಳು ಮಣ್ಣಿನ ಸಮೇತ ಕೊಚ್ಚಿಹೋದವು. ಉಳಿದ ಜಾಗದಲ್ಲಿ ಈಗ ಟ್ರಾಡೆಸ್ಕಾಂಟಿಯ ಎಂಬ ನೆಲಬಳ್ಳಿಯಂಥ ಕಳೆ ಹಬ್ಬಿದೆ. ದಡಕ್ಕೆ ಕಲ್ಲು ಹಾಸಿ, ಉಳಿದ ಐವತ್ತು ಮೀಟರನ್ನೂ ಈ ಚಳಿಗಾಲದಲ್ಲೇ ಬಿಡಿಸಿ ನೆಟ್ಟುಬಿಡೋಣವೆಂದು ಕೆಲವರು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಕುಡುಗೋಲು:

ಉಳಿದ ಐವತ್ತು ಮೀಟರನ್ನು ಸದ್ಯಕ್ಕೆ ಮುಟ್ಟಬೇಡಿ. ಆ ಲಂಟಾನ ಎಷ್ಟೇ ಕೆಟ್ಟ ಕಳೆಯಾದರೂ ನಿಮ್ಮ ದಡವನ್ನು ಹಿಡಿದು ನಿಲ್ಲಿಸಿದ್ದು ಅದರ ಬೇರೇ. ಜೋನ್ ಮತ್ತು ಐಲೀನ್ ಬ್ರಾಡ್ಲಿ ಸೋದರಿಯರು 1960ರ ದಶಕದಲ್ಲಿ ಸಿಡ್ನಿಯ ಮಾಸ್ಮನ್ ಸುತ್ತಲಿನ ಪೊದೆಕಾಡಿನಲ್ಲಿ ಕಳೆ ಕೀಳುತ್ತಲೇ ಕಂಡುಕೊಂಡ ಕ್ರಮ ನಿಮ್ಮದಕ್ಕೆ ತೀರ ತಿರುವುಮುರುವಾದುದು: ಚೆನ್ನಾಗಿರುವ ಕಾಡಿನ ಅಂಚಿನಿಂದ ಶುರುಮಾಡಿ ಕೆಟ್ಟ ಜಾಗದ ಕಡೆಗೆ ಸರಿಯಬೇಕು, ಮಣ್ಣನ್ನು ಆದಷ್ಟು ಕಡಿಮೆ ಕದಡಬೇಕು, ಸ್ಥಳೀಯ ಗಿಡಗಳು ಮರಳಿ ತುಂಬಿಕೊಳ್ಳುವ ವೇಗಕ್ಕಿಂತ ಮುಂದೆ ಓಡಬಾರದು. ನೀವು ಅತಿ ಕೆಟ್ಟ ಜಾಗಕ್ಕೇ ಮೊದಲು ಕೈ ಹಾಕಿದಿರಿ. ಹೊಸಬರೆಲ್ಲ ಮಾಡುವುದು ಅದನ್ನೇ, ಏಕೆಂದರೆ ಫೋಟೊ ಚೆನ್ನಾಗಿ ಬರುತ್ತದೆ.

ಪ್ರಿವೆಟ್ಟನ್ನು ಕೀಳಲೇಬೇಡಿ. ನೆಲಮಟ್ಟದಲ್ಲಿ ಕತ್ತರಿಸಿ, ಕೊರಡಿನ ಹಸಿ ಅಂಚಿಗೆ ಕೆಲವೇ ಸೆಕೆಂಡುಗಳೊಳಗೆ ಕಳೆನಾಶಕ ಹಚ್ಚಿದರೆ ಗಿಡ ಸಾಯುತ್ತದೆ, ಸತ್ತ ಬೇರು ಇನ್ನಷ್ಟು ಕಾಲ ಮಣ್ಣನ್ನು ಹಿಡಿದಿರುತ್ತದೆ. ಆದರೆ ನೀರಿನ ಪಕ್ಕದಲ್ಲಿ ಬಳಸಲು ಅನುಮತಿಯಿರುವ ತಯಾರಿಕೆಯನ್ನೇ ಕೊಳ್ಳಿ. ಗ್ಲೈಫೋಸೇಟ್ ಎಂಬ ಕಳೆನಾಶಕದ ಸಾಮಾನ್ಯ ದ್ರಾವಣಗಳಲ್ಲಿ ಬೆರೆಸಿರುವ ಸಾಬೂನಿನಂಥ ಪದಾರ್ಥ ಕಪ್ಪೆಗಳಿಗೆ ಮಾರಕವಾಗಬಲ್ಲದು. ಟ್ರಾಡೆಸ್ಕಾಂಟಿಯವನ್ನು ಕುಂಟೆಯಿಂದ ಎಳೆದು ಚಾಪೆಯಂತೆ ಸುತ್ತಿ ಚೀಲಕ್ಕೆ ತುಂಬಿ, ತುಂಡುಗಳನ್ನು ಆರಿಸಿ ತೆಗೆಯಿರಿ. ಒಂದು ಗೆಣ್ಣು ಉಳಿದರೂ ಅಲ್ಲಿಂದ ಮತ್ತೆ ಬೇರು ಬಿಡುತ್ತದೆ.

ಇನ್ನೊಂದು ಮಾತು. ಎಷ್ಟೋ ಜಾತಿಯ ಅಕೇಶಿಯಗಳ ಎಳೆಸಸಿಗೆ ಮೊದಲು ಬರುವುದು ಹುಣಸೆ ಎಲೆಯಂಥ ಸೀಳೆಲೆ; ದೊಡ್ಡ ಗಿಡದ ಅಗಲವಾದ, ಇಡಿಯಾದ ‘ಎಲೆ’ ಆಮೇಲೆ ಮೂಡುತ್ತದೆ. ಇದನ್ನು ತಿಳಿಯದೆ ಕಳೆಯೆಂದು ಕಿತ್ತೆಸೆಯುವವರನ್ನು ನಾನು ಬಹಳ ನೋಡಿದ್ದೇನೆ, ಮೊದಲ ವರ್ಷ ನಾನೂ ಕಿತ್ತಿದ್ದೇನೆ.

ಮಳೆಮಾಪಕ:

ಮೇಲಿನವರ ಮಾತು ಸರಿ, ಆದರೆ ಅರ್ಧ ಕಾರಣ ತೊರೆಯಲ್ಲೇ ಇಲ್ಲ, ಛಾವಣಿ ಮತ್ತು ಪಾರ್ಕಿಂಗ್ ಜಾಗದಲ್ಲಿದೆ. ಕಾಡಿನ ನೆಲದ ಮೇಲೆ ಬಿದ್ದ ಮಳೆಯ ಬಹುಪಾಲು ಇಂಗಿ ನಿಧಾನವಾಗಿ ತೊರೆಗೆ ಬರುತ್ತದೆ. ಡಾಂಬರಿನ ಮೇಲೆ ಬಿದ್ದದ್ದು ಕೊಳವೆಯ ಮೂಲಕ ನಿಮಿಷಗಳಲ್ಲಿ ಒಟ್ಟಿಗೇ ನುಗ್ಗಿ ದಡದ ಬುಡವನ್ನು ಕೊರೆಯುತ್ತದೆ. ಬುಡ ಕೊರೆದರೆ ಮೇಲೆ ಏನು ನೆಟ್ಟರೂ ಕುಸಿಯುವುದೇ. ಹಾಗಾಗಿ ಕೊಳವೆಯ ಬಾಯಿ ನಿಮ್ಮ ಮೂವತ್ತು ಮೀಟರಿಗೆ ಎಷ್ಟು ಹತ್ತಿರವಿದೆ ಎಂಬುದನ್ನು ಮೊದಲು ನೋಡಿ. ಕಲ್ಲು ಬೇಕಿರುವುದು ಅಲ್ಲಿ ಮಾತ್ರ, ನೀರಿನ ರಭಸ ಮುರಿಯಲು. ದಡವಿಡೀ ಕಲ್ಲು ಹಾಸಿದರೆ ಅದು ಚರಂಡಿಯಾಗುತ್ತದೆ. ಉಳಿದೆಡೆ ಬುಡಕ್ಕೆ ತೆಂಗಿನ ನಾರಿನ ಉರುಳೆಗಳನ್ನು ಗೂಟ ಹೊಡೆದು ಕೂರಿಸಿ, ನೀರಿನಂಚಿಗೆ ಜೊಂಡಿನಂಥ ಕೇರೆಕ್ಸ್ ಮತ್ತು ಜಂಕಸ್, ಅದರ ಮೇಲೆ ಲೊಮಾಂಡ್ರ ಒತ್ತಾಗಿ ನೆಡಿ.

ಗೊಬ್ಬರ ಹಾಕಬೇಡಿ. ಸಿಡ್ನಿಯ ಮರಳುಗಲ್ಲಿನ ಮಣ್ಣಿನಲ್ಲಿ ರಂಜಕ ಸಹಜವಾಗಿಯೇ ಕಡಿಮೆ, ಬ್ಯಾಂಕ್ಸಿಯದ ಕುಟುಂಬಕ್ಕೆ ಅದೇ ಹಿತ. ರಸ್ತೆಯ ನೀರು ತರುವ ರಂಜಕವೇ ಅಲ್ಲಿ ಕಳೆಗಳನ್ನು ಸಾಕುತ್ತಿದೆ. ಅಲ್ಲದೆ ನ್ಯೂ ಸೌತ್ ವೇಲ್ಸ್‌ನಲ್ಲಿ ದಡದ ಮೇಲಂಚಿನಿಂದ 40 ಮೀಟರ್‌ವರೆಗಿನ ನೆಲವೂ 2000ದ ಜಲ ನಿರ್ವಹಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಅಗೆಯುವ, ಕಲ್ಲು ಹಾಕುವ ಮುನ್ನ ವಿಶ್ವವಿದ್ಯಾಲಯದ ಆವರಣ ನೋಡಿಕೊಳ್ಳುವ ವಿಭಾಗದವರನ್ನು ಕೇಳಿ.

ನೀಲಿಹಕ್ಕಿ:

ಒಂದೇ ಸೇರ್ಪಡೆ. ಫೇರಿ-ರೆನ್‌ನಂಥ ಪುಟ್ಟ ಹಕ್ಕಿಗಳು ಲಂಟಾನದೊಳಗೇ ಅಡಗಿ ಗೂಡು ಕಟ್ಟುತ್ತವೆ, ಆದ್ದರಿಂದ ತುಣುಕು ತುಣುಕಾಗಿ ತೆಗೆಯಿರಿ. ಬೂಟಿನ ಮಣ್ಣನ್ನು ಉಜ್ಜಿ ತೊಳೆದು ಸ್ಪಿರಿಟ್ ಸಿಂಪಡಿಸದೆ ಹಳೆಯ ಕಾಡಿನೊಳಗೆ ಕಾಲಿಡಬೇಡಿ. ಬೇರು ಕೊಳೆಸುವ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಹರಡುವುದು ಅಂಥ ಮಣ್ಣಿನಿಂದಲೇ. ಅವಸರದವರಿಗೆ ಮೆಲ್ಬರ್ನ್‌ನ ಲ ಟ್ರೋಬ್ ವಿಶ್ವವಿದ್ಯಾಲಯದ ವನ್ಯಜೀವಿ ಧಾಮದ ವಿಷಯ ಹೇಳಿ: 1967ರಲ್ಲಿ ಆರಂಭವಾದ ಅಲ್ಲಿನ ಕೆಲಸ ಇನ್ನೂ ನಡೆಯುತ್ತಿದೆ.

ತೊರೆಯಂಚು:

ಎಲ್ಲರಿಗೂ ಧನ್ಯವಾದ. ಇಂದು ಬೆಳಿಗ್ಗೆ ಹೋಗಿ ನೋಡಿದೆ. ಕೊಳವೆಯ ಬಾಯಿ ನಾವು ಬಿಡಿಸಿದ ಜಾಗದಿಂದ ಆರು ಹೆಜ್ಜೆ ಮೇಲಕ್ಕಿದೆ. ಇಷ್ಟು ದಿನ ಅದರ ಮೇಲೆಯೇ ಕುಳಿತು ಚಹಾ ಕುಡಿಯುತ್ತಿದ್ದೆವು. ಐವತ್ತು ಮೀಟರನ್ನು ಹಾಗೆಯೇ ಬಿಟ್ಟು, ಹಳೆಯ ಮರಗಳಿರುವ ದಡದಿಂದ ಶುರುಮಾಡಲು ಒಪ್ಪಿಸಿದ್ದೇನೆ. ಅಲ್ಲಿ ಬ್ಯಾಂಕ್ಸಿಯದ ಬುಡದಲ್ಲಿ ಹುಣಸೆ ಎಲೆಯ ಏಳು ಸಸಿಗಳು ತಾವಾಗಿಯೇ ಎದ್ದಿದ್ದವು; ಯಾರೂ ಕೀಳದಂತೆ ಪ್ರತಿಯೊಂದರ ಪಕ್ಕದಲ್ಲೂ ಕಡ್ಡಿ ನೆಟ್ಟು ಬಂದೆ.